ಆರನೇ ತಾರೀಕಿನ ಚಿತ್ರಗಳು

ಹನ್ನೊಂದನೇ ತಾರೀಕು ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು ಠಾಣೆಗೆ ಬಂದರು. ಕೈಯಲ್ಲಿ ಟೈಪು ಮಾಡಿಸಿದ ದೂರು ಇತ್ತು. ಅದರಲ್ಲಿ ಮೂರೇ ಮಾತು: ಚಿತ್ರಗಳ ನಕಲು ಇಡಲು ಕಪಾಟಿನಲ್ಲಿದ್ದ ಒಂದನೇ ನಂಬರಿನ ಡಿಸ್ಕ್ ಕಾಣೆ, ರೋಗಿಗಳ ಹೆಸರು ಬರೆಯುವ ರಿಜಿಸ್ಟರ್ ಕಾಣೆ, ಕಂಪ್ಯೂಟರಿನಲ್ಲಿ ಆರನೇ ತಾರೀಕಿನ ಚಿತ್ರಗಳನ್ನು ಯಾರೋ ಅಳಿಸಿದ್ದಾರೆ. ಬೀಗ ಮುರಿದಿಲ್ಲ.

ಠಾಣೆಯವರು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಇನ್ಸ್‌ಪೆಕ್ಟರಮ್ಮ ಎಂದೂ ಕರೆಯುತ್ತಿದ್ದ ಇನ್ಸ್‌ಪೆಕ್ಟರು ಆ ದೂರನ್ನು ಎರಡು ಸಲ ಓದಿದರು. ಟೈಪು ಮಾಡಿಸಿಕೊಂಡು ಬಂದ ದೂರುಗಳ ಮೇಲೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಗಾಬರಿಯಾದವನು ಟೈಪು ಮಾಡಿಸಲು ಹೋಗುವುದಿಲ್ಲ ಎಂಬುದು ಅವರ ಲೆಕ್ಕ.

"ಏಳನೇ ತಾರೀಕಿಂದು, ಎಂಟನೇ ತಾರೀಕಿಂದು ಇದೆಯಾ?"

"ಎಲ್ಲಾ ಇದೆ."

"ಹಾಗಾದ್ರೆ ಆರನೇ ತಾರೀಕು ಏನಾಯ್ತು? ಕಾಗದದಲ್ಲಿ ಬರೆದಿಲ್ಲವಲ್ಲ, ಅದನ್ನ ಹೇಳಿ."

ಡಾಕ್ಟರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟರು. ಆರನೇ ತಾರೀಕು ಸೋಮವಾರ ಹದಿನಾಲ್ಕು ಜನ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡಿದ್ದರು. ಅವರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಎಡ ಮೂತ್ರಪಿಂಡದಲ್ಲಿ ಗೆಡ್ಡೆ ಇದೆ ಎಂದು ತಾವೇ ವರದಿ ಬರೆದುಕೊಟ್ಟಿದ್ದರು. ನಿನ್ನೆ ಶುಕ್ರವಾರ ಆಕೆಯನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಿದ ಸರ್ಜನ್, ಕತ್ತರಿ ಹಾಕುವ ಮುಂಚೆ ಯಾಕೋ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿದರೆ, ಎರಡೂ ಮೂತ್ರಪಿಂಡ ಚೆನ್ನಾಗಿವೆ. ಮೂಲ ಚಿತ್ರ ಕಳಿಸಿ ಎಂದು ಮೂರು ಗಂಟೆಗೆ ಸರ್ಜನ್ ಫೋನ್ ಮಾಡಿದರು. ಡಾಕ್ಟರು ಮೊದಲು ಸರ್ಜನ್ ಬಳಿಗೇ ಓಡಿದ್ದರು, ಇವತ್ತು ಬೆಳಿಗ್ಗೆ ಸೆಂಟರಿಗೆ ಬಂದು ನೋಡಿದರೆ ಚಿತ್ರವೇ ಇಲ್ಲ.

"ಗೆಡ್ಡೆ ಚಿತ್ರದಲ್ಲಿ ಇತ್ತು ತಾನೇ?"

"ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಅದು ಯಾರದ್ದು?"

ಡಾಕ್ಟರು ಕರವಸ್ತ್ರ ಮಡಚಿ ಜೇಬಿಗಿಟ್ಟರು.

"ಯಾರೋ ಒಬ್ಬರು ಹೊಟ್ಟೇಲಿ ಗೆಡ್ಡೆ ಇಟ್ಕೊಂಡು, ಕೈಯಲ್ಲಿ 'ಏನೂ ಇಲ್ಲ' ಅನ್ನೋ ನಿಮ್ಮ ಸಹಿಯ ಕಾಗದ ಹಿಡ್ಕೊಂಡು ಓಡಾಡ್ತಿದ್ದಾರೆ. ನೀವು ಡಿಸ್ಕ್ ಕಳೀತು ಅಂತ ಬಂದಿದೀರ. ಆ ದಿನ ಬಂದಿದ್ದವರ ಹೆಸರಾದ್ರೂ ನೆನಪಿದೆಯಾ?"

"ವಾರಕ್ಕೆ ನೂರು ಜನರ ಚಿತ್ರ ನೋಡ್ತೀನಿ ಮೇಡಂ. ರೋಗಿಗೆ ಕೊಡೋದು ವರದಿ ಮಾತ್ರ. ವರದಿಯ ನಕಲೂ ಅದೇ ಫೋಲ್ಡರಲ್ಲಿತ್ತು. ಹೆಸರು, ವಿಳಾಸ ರಿಜಿಸ್ಟರಲ್ಲಿ."

ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಕಳವು ಎಂದು ಬರೆಸಿದರೂ ಇನ್ಸ್‌ಪೆಕ್ಟರಮ್ಮನ ತಲೆಯಲ್ಲಿ ಡಿಸ್ಕ್ ಇರಲಿಲ್ಲ. ಉಳಿದ ಹದಿಮೂರು ಜನರಲ್ಲಿ ಆ ಒಬ್ಬರು ಯಾರು ಎಂಬುದಷ್ಟೇ ಇತ್ತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಯಂತ್ರದ ಕೋಣೆಗೆ ಅಂಟಿದಂತೆ ಒಂದು ಚಿಕ್ಕ ಕೋಣೆ. ನಡುವೆ ದಪ್ಪ ಗಾಜು. ಒಂದು ಮೇಜು, ಕಂಪ್ಯೂಟರು, ಕಬ್ಬಿಣದ ಕಪಾಟು. ಕಪಾಟಿಗೆ ಎರಡೇ ಕೀಲಿ. ಒಂದು ಡಾಕ್ಟರ ಬಳಿ, ಇನ್ನೊಂದು ಟೆಕ್ನೀಷಿಯನ್ ಬಳಿ.

ಟೆಕ್ನೀಷಿಯನ್ನಿಗೆ ಐವತ್ತೆಂಟು ವರ್ಷ. ಊರಿನ ಸ್ಕ್ಯಾನಿಂಗ್ ಕೋಣೆಗಳಲ್ಲಿ ಕೆಲಸ ಮಾಡುವ ಮುಕ್ಕಾಲು ಪಾಲು ಜನ ಅವರ ಕೈಕೆಳಗೇ ಪಳಗಿದವರು. ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು. ಪೊಲೀಸರನ್ನು ಕಂಡು ಅವರು ಹೆದರಲಿಲ್ಲ, ಪಾಠಕ್ಕೆ ಬಂದವರನ್ನು ಕಂಡಂತೆ ಒಂದು ಕುರ್ಚಿ ಎಳೆದುಕೊಟ್ಟರು.

ಠಾಣೆಯಲ್ಲಿ ಕಂಪ್ಯೂಟರು ಬಲ್ಲ ಪೇದೆ ಒಬ್ಬನೇ. ಕಡ್ಡಿಯಂಥ ಮೈ, ಸದಾ ಜೇಬಿನಲ್ಲಿ ವೈರು. ಹೆಸರು ಬಿದ್ದದ್ದು ತಂತಿ ಎಂದು. ತಂತಿ ಕಪಾಟಿನಲ್ಲಿ ಉಳಿದಿದ್ದ ಎರಡನೇ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದ.

"ಚುಚ್ಚಿದ್ರೆ ಸಾಲದು ಕಣಪ್ಪ," ಎಂದರು ಮೇಷ್ಟ್ರು ಹಿಂದೆ ನಿಂತು. "ಇದು ಯುನಿಕ್ಸ್ ಜಾತಿಯ ವ್ಯವಸ್ಥೆ. ಡಿಸ್ಕು ಯಾವ ಫೋಲ್ಡರ್ ಮೇಲೆ ಕೂರಬೇಕು ಅಂತ ನಾವೇ ಹೇಳ್ಬೇಕು. ಅದಕ್ಕೆ ಮೌಂಟ್ ಅನ್ನೋದು. ನಮ್ಮಲ್ಲಿ ಬ್ಯಾಕಪ್ ಅಂತ ಒಂದು ಫೋಲ್ಡರ್ ಇದೆ, ಅದರ ಮೇಲೆ ಕೂರಿಸು. ತೆಗೆಯೋಕೆ ಮುಂಚೆ ಅನ್‌ಮೌಂಟ್, ಅಂದ್ರೆ ಕೂತದ್ದನ್ನ ಇಳಿಸೋದು. ಮಾಡದೆ ಎಳೆದ್ಯೋ, ಬರೆದದ್ದು ಅರ್ಧಕ್ಕೇ ನಿಂತು ಎಲ್ಲಾ ನೀರಲ್ಲಿ ಹೋಮ."

"ಗೊತ್ತು ಸಾರ್," ಎಂದ ತಂತಿ, ತುಸು ಮುನಿಸಿನಿಂದ.

ಬ್ಯಾಕಪ್ ಪ್ರತಿ ಶನಿವಾರ. ಒಂದು ವಾರ ಒಂದನೇ ಡಿಸ್ಕು, ಮರುವಾರ ಎರಡನೆಯದು. ಆರನೇ ತಾರೀಕಿನ ಚಿತ್ರಗಳು ಇನ್ನೂ ಯಾವ ಡಿಸ್ಕಿಗೂ ಹೋಗಿರಲಿಲ್ಲ. ಎರಡನೇ ಡಿಸ್ಕಿನಲ್ಲಿ ಹಳೆಯ ವಾರದ್ದೆಲ್ಲ ಸಾಲಾಗಿ ಕಾಣಿಸಿತು, ಬೇಕಾದ್ದು ಮಾತ್ರ ಇಲ್ಲ. ಕಂಪ್ಯೂಟರ್ ತನ್ನ ಪಾಡಿಗೆ ಬರೆದಿಟ್ಟುಕೊಳ್ಳುವ ದಿನಚರಿಯ ನಕಲು ತೆಗೆದುಕೊಂಡು, ಆರಿಸಿದರೆ ಇನ್ನೇನಾದರೂ ಅಳಿಯಬಹುದೆಂದು ಯಂತ್ರವನ್ನು ಇದ್ದ ಹಾಗೇ, ಎರಡನೇ ಡಿಸ್ಕು ಕೂತ ಹಾಗೇ ಬಿಟ್ಟು, ತಂತಿ ಕೋಣೆಗೆ ಮೊಹರು ಹಾಕಿದ. ಪಂಚರು ಸಹಿ ಮಾಡಿದರು.

ಸಂಜೆಯ ಹೊತ್ತಿಗೆ ದಿನಚರಿಯಿಂದ ಒಂದು ಸಂಗತಿ ಹೊರಬಿತ್ತು. ಒಂದನೇ ಡಿಸ್ಕನ್ನು ಶುಕ್ರವಾರ ಸಂಜೆ ಆರು ನಲವತ್ತೊಂದಕ್ಕೆ ಚುಚ್ಚಿದ್ದರು, ಏಳು ಎರಡಕ್ಕೆ ಎಳೆದಿದ್ದರು. ಇನ್ಸ್‌ಪೆಕ್ಟರಮ್ಮನಿಗೆ ಮೊದಲ ಅನುಮಾನ ಡಾಕ್ಟರ ಮೇಲೆಯೇ ಇತ್ತು. ಮಾನ ಹೋಗುವುದು ಅವರದ್ದು. ಕಳ್ಳನೇ ಮೊದಲು ಕೂಗಿಕೊಳ್ಳುವುದೂ ಉಂಟು. ಆದರೆ ಆ ಹೊತ್ತಿಗೆ ಡಾಕ್ಟರು ಸರ್ಜನ್ ಎದುರು ಬೈಸಿಕೊಳ್ಳುತ್ತ ಕೂತಿದ್ದರು. ಭಾನುವಾರ ಸರ್ಜನ್ನೇ ಅದನ್ನು ಖುಷಿಯಿಂದ ದೃಢಪಡಿಸಿದರು. ಉಳಿದದ್ದು ಮೇಷ್ಟ್ರು. ಮೂವತ್ತೊಂದು ವರ್ಷ ಒಂದು ಚಿತ್ರವನ್ನೂ ಕಳೆಯದ ಮನುಷ್ಯ ಯಾಕೆ ಹೀಗೆ ಮಾಡಿಯಾನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಆರನೇ ತಾರೀಕು ಸ್ಕ್ಯಾನ್ ಮಾಡಿಸಿದ್ದ ಒಬ್ಬ ಬೇಕರಿಯವನ ಕೈಯಲ್ಲಿ ಬಂತು. ಮೈಯೆಲ್ಲ ಮೈದಾ ಹಿಟ್ಟು, ಕಣ್ಣಲ್ಲಿ ನೀರು.

"ಅಂಚೆಯಲ್ಲಿ ಬಂತು ಮೇಡಂ. ಯಾರೋ ನನ್ನನ್ನ ಹೆದರಿಸ್ತಿದ್ದಾರೆ."

ಕಾಗದದಲ್ಲಿ ಹೆಸರಿಲ್ಲ, ಊರಿಲ್ಲ. "ಆರನೇ ತಾರೀಕು ಮಾಡಿಸಿದ ಸ್ಕ್ಯಾನ್ ನಂಬಬೇಡಿ. ಬೇಗ ಬೇರೆ ಕಡೆ ಇನ್ನೊಮ್ಮೆ ಮಾಡಿಸಿ. ಮೂತ್ರಪಿಂಡ ನೋಡಲು ಹೇಳಿ." ಇಷ್ಟೇ. ಆದರೆ ಇಷ್ಟು ಬರೆಯಲು ಎರಡು ಪುಟ ಹಿಡಿದಿತ್ತು. ಒಂದೊಂದು ಅಕ್ಷರ ಹೆಬ್ಬೆರಳಷ್ಟು ಗಾತ್ರ. ಸಾಲುಗಳು ಕೆಳಕ್ಕೆ ಜಾರಿ, ಕೊನೆಯ ಅಕ್ಷರ ಅರ್ಧ ಮೇಜಿನ ಮೇಲೆ ಬಿದ್ದಿರಬೇಕು.

"ಹೆದರಿಸೋರು 'ಬೇರೆ ಕಡೆ ತೋರಿಸಿ' ಅನ್ನಲ್ಲಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ಮೊದಲು ಹೋಗಿ ತೋರಿಸು."

ಅವನು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಕಾಗದವನ್ನು ತಿರುಗಿಸಿ ನೋಡಿದ. "ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ ಮೇಡಂ."

"ಮಗು ಮೂತ್ರಪಿಂಡ ಅಂತ ತಪ್ಪಿಲ್ಲದೆ ಬರೆಯಲ್ಲ. ಇಷ್ಟು ದೊಡ್ಡದಾಗಿ ಇನ್ಯಾರು ಬರೀತಾರೆ?" ಕೇಳಿದವರಿಗೇ ಏನೋ ಹೊಳೆಯಿತು. ಶನಿವಾರ ಇಡೀ ಒಂದು ಗಂಟೆ ಪಾಠ ಹೇಳಿದ ಮೇಷ್ಟ್ರು ಒಂದು ಸಲವೂ ಪರದೆಯತ್ತ ನೋಡಿರಲಿಲ್ಲ. "ಗಾಡಿ ತೆಗೀರಿ."

ಮೇಷ್ಟ್ರ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ತೆರೆದದ್ದು ಅವರ ಹೆಂಡತಿ. ಇನ್ಸ್‌ಪೆಕ್ಟರಮ್ಮ ಕೂತು, ಚೀಲದಿಂದ ಒಂದು ಹಾಳೆ ತೆಗೆದು ಮೇಷ್ಟ್ರ ಕೈಗಿತ್ತರು.

"ಶನಿವಾರ ನೀವು ಕೊಟ್ಟ ಹೇಳಿಕೆ. ಓದಿ, ಸರಿಯಿದ್ರೆ ಹೇಳಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲಿಂದ ಕೆಳಗಿನವರೆಗೆ ತಾಳ್ಮೆಯಿಂದ ಕಣ್ಣಾಡಿಸಿದರು. ಅಲ್ಲಲ್ಲಿ ನಿಂತು ತಲೆದೂಗಿದರು. "ಸರಿಯಾಗಿದೆ. ಹೇಳಿದ ಹಾಗೇ ಬರೆದಿದ್ದೀರಿ."

"ಮೇಷ್ಟ್ರೇ, ಅದು ನಮ್ಮ ಪೇದೆಗಳ ಡ್ಯೂಟಿ ಪಟ್ಟಿ."

ಮೇಷ್ಟ್ರು ಹಾಳೆಯನ್ನು ಮಡಿಲಿಗಿಳಿಸಿದರು. ಇನ್ಸ್‌ಪೆಕ್ಟರಮ್ಮನಿಗೆ ಗೆದ್ದೆ ಎನ್ನಿಸಬೇಕಿತ್ತು, ನಾಚಿಕೆಯಾಯಿತು. ವಯಸ್ಸಾದವರನ್ನು ಹೀಗೆ ಬಲೆಗೆ ಕೆಡವಿದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗೆ ಹೋಗಿ, ಕೈಯಲ್ಲಿ ರಿಜಿಸ್ಟರನ್ನೂ ಡಿಸ್ಕನ್ನೂ ಹಿಡಿದು ಬಂದರು.

"ಸಾಕು ರೀ," ಎಂದರು. "ಎರಡು ವರ್ಷದಿಂದ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ. ಹೇಳ್ಬಿಡಿ."

ಮೇಷ್ಟ್ರು ಹೇಳಿದ್ದಿಷ್ಟು. ಕಣ್ಣಿನ ನಡುಭಾಗ ಎರಡು ವರ್ಷದಿಂದ ಮಬ್ಬು. ಅಂಚಿನಲ್ಲಷ್ಟೇ ಕಾಣುತ್ತದೆ. ಯಂತ್ರದ ಗುಂಡಿಗಳು ಬೆರಳಿಗೆ ಬಾಯಿಪಾಠ. ಪರದೆಯ ಮೇಲೆ ರೋಗಿಗಳ ಹೆಸರಿನ ಪಟ್ಟಿಯಲ್ಲಿ ಎಷ್ಟನೇ ಸಾಲು ಎಂದು ಎಣಿಸಿ ಒತ್ತುತ್ತಿದ್ದರು. ಆರನೇ ತಾರೀಕು ಎಲ್ಲೋ ಎಣಿಕೆ ತಪ್ಪಿದೆ. ಯಾರ ಹೊಟ್ಟೆಯ ಚಿತ್ರ ಯಾರ ಹೆಸರಿಗೆ ಹೋಯಿತೋ ತಿಳಿಯದು. ಸರ್ಜನ್ನರ ಫೋನು ಬಂದಾಗ ಎಲ್ಲ ಅರ್ಥವಾಯಿತು.

"ಅಳಿಸಿದ್ದು ನಾನೇ. ಆದರೆ ಅಳಿಸೋಕೆ ಮುಂಚೆ ಡಿಸ್ಕಿಗೆ ಹಾಕ್ಕೊಂಡೆ ಮೇಡಂ. ಮನೇಲಿ ಭೂತಗನ್ನಡಿ ಇಟ್ಕೊಂಡು ರಿಜಿಸ್ಟರ್ ಜೊತೆ ತಾಳೆ ನೋಡಿ, ಆ ಒಬ್ಬರನ್ನ ಹುಡುಕಿ ಹೇಳೋಣ ಅಂತ. ಇಲ್ಲಿ ಬಂದು ನೋಡಿದ್ರೆ ಡಿಸ್ಕಲ್ಲಿ ಆರನೇ ತಾರೀಕಿಂದು ಏನೂ ಇಲ್ಲ. ಗಡಿಬಿಡೀಲಿ ಅನ್‌ಮೌಂಟ್ ಮಾಡದೆ ಎಳೆದೆ, ಅದಕ್ಕೇ ಹೋಯ್ತು. ಎಲ್ಲರಿಗೂ ಹೇಳಿಕೊಟ್ಟವನು ನಾನು."

"ಅದಕ್ಕೆ ಹದಿಮೂರು ಜನರಿಗೂ ಕಾಗದ ಬರೆದ್ರಾ?"

"ಹದಿನಾಲ್ಕು. ಹೊಲಿಗೆಯವರಿಗೂ ಬರೆದೆ. ಕ್ಷಮಿಸಿ ಅಂತ."

ಮೇಷ್ಟ್ರನ್ನು ಠಾಣೆಗೆ ಕರೆತಂದರು. ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರ್ ಹಿಡಿದು ಫೋನಿಗೆ ಕೂತ. ಒಂದೂವರೆಯ ಹೊತ್ತಿಗೆ ಒಂಬತ್ತು ಜನ ಸಿಕ್ಕಿದರು, ನಾಲ್ವರು ಸಿಗಲಿಲ್ಲ. ಒಂದು ನಂಬರು ಬೇರೆ ಯಾರದ್ದೋ, ಒಂದು ಎತ್ತುವವರಿಲ್ಲ, ಎರಡು ಸ್ವಿಚ್ ಆಫ್. ಸಿಕ್ಕವರು ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲು ದಿನಗಳೇ ಬೇಕು, ಸಿಗದವರ ಗತಿ ದೇವರೇ ಬಲ್ಲ.

ಮೂಲೆಯಲ್ಲಿ ತಂತಿ ಒಂದನೇ ಡಿಸ್ಕನ್ನು ಠಾಣೆಯ ಲ್ಯಾಪ್‌ಟಾಪಿಗೆ ಹಾಕಿ ಮುಖ ಗಂಟಿಕ್ಕಿಕೊಂಡಿದ್ದ.

"ಅರ್ಧಕ್ಕೆ ನಿಂತಿದ್ರೆ ಚೂರುಪಾರಾದ್ರೂ ಇರಬೇಕು ಮೇಡಂ. ಈ ಡಿಸ್ಕಿಗೆ ಶುಕ್ರವಾರ ಒಂದಕ್ಷರಾನೂ ಬರೆದಿಲ್ಲ." ಅವನು ದಿನಚರಿಯ ನಕಲನ್ನು ಮತ್ತೆ ತೆರೆದ. ಆರು ನಲವತ್ತೊಂದಕ್ಕೆ ಡಿಸ್ಕು ಬಂತು ಎಂಬ ಸಾಲು ಇತ್ತು. ಏಳು ಎರಡಕ್ಕೆ ಹೋಯಿತು ಎಂಬುದೂ ಇತ್ತು. ನಡುವಿನ ಸಾಲುಗಳ ಮೇಲೆ ಬೆರಳಿಟ್ಟು ಎರಡು ಸಲ ಹೋಗಿ ಬಂದ, ಡಿಸ್ಕು ಮೌಂಟ್ ಆಯಿತು ಎಂಬ ಸಾಲು ಮಾತ್ರ ಇರಲಿಲ್ಲ. "ಮೇಷ್ಟ್ರೇ, ಮೌಂಟ್ ಮಾಡಿದಾಗ ಪರದೆ ಮೇಲೆ ಏನು ಬಂತು?"

"ಏನೂ ಬರಲ್ಲವಲ್ಲಪ್ಪ. ಸರಿಯಾದ್ರೆ ಅದು ಸುಮ್ನಿರುತ್ತೆ. ತಪ್ಪಾದ್ರೆ ಮಾತ್ರ ಒಂದು ಸಾಲು ಬರುತ್ತೆ."

"ಆ ಸಾಲು ಬಂದಿತ್ತಾ?"

ಮೇಷ್ಟ್ರು ಲ್ಯಾಪ್‌ಟಾಪಿನ ಕಡೆಯಿಂದ ಮುಖ ತಿರುಗಿಸಿದರು. ಬಂದಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ತಂತಿ ಎದ್ದು ನಿಂತ. "ಡಿಸ್ಕು ಕೂರಲೇ ಇಲ್ಲ ಮೇಡಂ. ಆ ದಿನ ಮೊದಲೇ ಒಂದು ಪೆನ್‌ಡ್ರೈವ್ ಚುಚ್ಚಿದ ಹಾಗೇ ಇತ್ತು ಅಂತ ದಿನಚರಿಲಿದೆ, ಅದಕ್ಕೇ ಕಂಪ್ಯೂಟರು ಡಿಸ್ಕಿಗೆ ಬೇರೆ ಗುರುತಿನ ಹೆಸರು ಕೊಟ್ಟಿದೆ. ಇವರು ಬಾಯಿಪಾಠದ ಹಳೇ ಗುರುತು ಹಾಕಿದ್ದಾರೆ. ಆದರೆ ಬ್ಯಾಕಪ್ ಅನ್ನೋ ಫೋಲ್ಡರ್ ಹೇಗೂ ಯಂತ್ರದಲ್ಲಿ ಇದ್ದೇ ಇದೆಯಲ್ಲ? ನಕಲು ಮಾಡಿದ್ದೆಲ್ಲ ಅದರೊಳಗೇ ಹೋಗಿದೆ. ಯಂತ್ರದ ಹೊಟ್ಟೆಗೇ!"

"ಹಾಗಾದ್ರೆ ಶನಿವಾರ ನಾವು ಅದೇ ಫೋಲ್ಡರ್ ತಾನೇ ನೋಡಿದ್ದು?"

ತಂತಿಯ ಮುಖ ಪೆಚ್ಚಾಯಿತು. "ನಾನು ಅದರ ಮೇಲೆ ಎರಡನೇ ಡಿಸ್ಕು ಕೂರಿಸಿದೆ ಮೇಡಂ. ಪಾತ್ರೆ ಮೇಲೆ ತಟ್ಟೆ ಮುಚ್ಚಿದ ಹಾಗೆ. ತಟ್ಟೇಲಿ ಇರೋದು ಮಾತ್ರ ಕಾಣಿಸ್ತು. ಮುಚ್ಚಿ ಮೊಹರೂ ಹಾಕಿ ಬಂದೆ."

ಹೆಡ್ ಕಾನ್‌ಸ್ಟೇಬಲ್ ನಕ್ಕುಬಿಟ್ಟ. "ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ." ಇನ್ಸ್‌ಪೆಕ್ಟರಮ್ಮ ನಗಲಿಲ್ಲ, ಆಗಲೇ ಟೋಪಿ ಕೈಗೆತ್ತಿಕೊಂಡಿದ್ದರು.

ಎರಡು ಹದಿನೈದಕ್ಕೆ ಪಂಚರ ಎದುರು ಮೊಹರು ಒಡೆದರು. ತಂತಿ ಎರಡನೇ ಡಿಸ್ಕನ್ನು ಅನ್‌ಮೌಂಟ್ ಮಾಡಿ ತೆಗೆದ. ಡಿಸ್ಕಿಲ್ಲದಾಗ ಆ ಫೋಲ್ಡರ್ ಖಾಲಿ ಎಂದೇ ಸೆಂಟರಿನ ಎಲ್ಲರೂ ಮೊದಲಿಂದಲೂ ನಂಬಿದ್ದರು. ತೆರೆದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಂತಿ ತೆರೆದ. ಆರನೇ ತಾರೀಕು ಅಲ್ಲಿತ್ತು. ಹದಿನಾಲ್ಕೂ ಜನ ಇದ್ದರು.

ಡಾಕ್ಟರು ಕುರ್ಚಿ ಎಳೆದುಕೊಂಡು ಹೊಲಿಗೆಯವಳ ಹೆಸರಿನ ಚಿತ್ರ ತೆರೆದರು. ಗೆಡ್ಡೆ ಸ್ಪಷ್ಟವಾಗಿತ್ತು. ಚಿತ್ರ ತೆಗೆದ ಹೊತ್ತು ಹನ್ನೊಂದು ಐವತ್ತು. ಇನ್ಸ್‌ಪೆಕ್ಟರಮ್ಮ ರಿಜಿಸ್ಟರಿನ ಮೇಲೆ ಬೆರಳೋಡಿಸಿದರು. ಹೊಲಿಗೆಯವಳು ಒಳಗೆ ಹೋದದ್ದು ಹನ್ನೊಂದು ಇಪ್ಪತ್ತಕ್ಕೆ. ಹನ್ನೊಂದು ನಲವತ್ತೈದಕ್ಕೆ ಹೋದದ್ದು ಏಳನೇ ಟೋಕನ್, ನಲವತ್ತೊಂದು ವರ್ಷದ ಹೆಂಗಸು. ಸ್ವಿಚ್ ಆಫ್ ಆಗಿದ್ದ ಎರಡು ಫೋನುಗಳಲ್ಲಿ ಒಂದು ಆಕೆಯದ್ದು.

"ಆಕೆಗೆ ಏನಂತ ವರದಿ ಕೊಟ್ಟಿದೀರಿ? ತೆಗೀರಿ."

ಡಾಕ್ಟರು ತೆಗೆದರು. ಎರಡೂ ಮೂತ್ರಪಿಂಡಗಳು ಆರೋಗ್ಯವಾಗಿವೆ, ತಮ್ಮನಿಗೆ ಎಡ ಮೂತ್ರಪಿಂಡ ದಾನ ಮಾಡಲು ಅಡ್ಡಿಯಿಲ್ಲ ಎಂದು ಅವರೇ ಬರೆದಿದ್ದರು.

"ಯಾವತ್ತು ಆಪರೇಷನ್ನು?"

"ನಾಳೆ," ಎಂದರು ಡಾಕ್ಟರು. "ಇಲ್ಲೇ ಬರೆದಿದೆ. ನಾಳೆ ಬೆಳಿಗ್ಗೆ ಏಳು."

"ನೀವೇ ಬರೆದದ್ದು, ನಿಮಗೇ ನೆನಪಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. ಅವರಿಗೆ ಇನ್ನೂ ಹೇಳಬೇಕಿತ್ತು. ಆದರೆ ಮೊದಲು ಫೋನ್ ಎತ್ತಿ ಅವರ ಕೈಗಿತ್ತರು. ಮೂರು ಐದಕ್ಕೆ ಆಸ್ಪತ್ರೆಯವರು ಆಪರೇಷನ್ ನಿಲ್ಲಿಸಿದ್ದೇವೆ ಎಂದು ಖಚಿತಪಡಿಸಿದರು.

ನಾಲ್ಕು ನಲವತ್ತಕ್ಕೆ ಇನ್ಸ್‌ಪೆಕ್ಟರಮ್ಮ ಆಸ್ಪತ್ರೆ ತಲುಪಿದಾಗ ಆಕೆ ಆಸ್ಪತ್ರೆಯ ಬಟ್ಟೆಯಲ್ಲಿ ಮಂಚದ ಅಂಚಿನಲ್ಲಿ ಕೂತಿದ್ದಳು. ವಿಷಯ ಆಗಲೇ ತಿಳಿದಿತ್ತು. ಗಂಡ ಹೊರಗೆ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತಿದ್ದ.

"ನಿಮಗೆ ಒಂದು ಕಾಗದ ಬಂದಿರಬೇಕಲ್ಲಮ್ಮ?"

"ಬೆಳಿಗ್ಗೆ ಹೊರಡೋ ಹೊತ್ತಿಗೆ ಬಂತು. ಹರಿದು ಒಲೆಗೆ ಹಾಕಿದೆ." ಆಕೆ ಬಾಗಿಲ ಕಡೆ ನೋಡಿದಳು. "ನಮ್ಮನೇಲಿ ಯಾರಿಗೂ ಇದು ಇಷ್ಟ ಇರಲಿಲ್ಲ ಮೇಡಂ. 'ನಿನ್ನ ತಮ್ಮನಿಗೆ ನಿನ್ನ ಕಿಡ್ನಿ ಕೊಟ್ರೆ ನಮ್ಮ ಗತಿ ಏನು' ಅಂತ ದಿನಾ ಜಗಳ. ನಮ್ಮ ಯಜಮಾನರೇ ಯಾರ ಕೈಲೋ ಬರೆಸಿ ಹಾಕಿಸಿದ್ದಾರೆ ಅಂದ್ಕೊಂಡೆ. ಅವರು ಆಣೆ ಮಾಡಿದ್ರು, ನಂಬಲಿಲ್ಲ. ಬೆಳಗಿಂದ ಮಾತಾಡಿಸಿಲ್ಲ. ಯಾರೂ ಫೋನಲ್ಲಿ ತಲೆ ತಿನ್ನಬಾರದು ಅಂತ ಅದನ್ನೂ ಆಫ್ ಮಾಡಿದೆ."

"ಡಾಕ್ಟರು ಏನಂದ್ರು?"

"ಗೆಡ್ಡೆ ಚಿಕ್ಕದಂತೆ. ಈಗಲೇ ಸಿಕ್ಕಿದ್ದು ಒಳ್ಳೇದಾಯ್ತು, ವಾಸಿ ಮಾಡಬಹುದು ಅಂದ್ರು." ಆಕೆಗೆ ಅಲ್ಲಿಯವರೆಗೆ ಬಾರದ ಅಳು ಈಗ ಬಂತು. "ಇನ್ನೆರಡು ಕೋಣೆ ಆಚೆ ನನ್ನ ತಮ್ಮ ಇದ್ದಾನೆ. ನಾಳೆ ಅಂತ ದಿನ ಎಣಿಸ್ಕೊಂಡು ಕೂತಿದ್ದಾನೆ. ಅವನಿಗೆ ನಾನೇ ಹೇಳ್ಬೇಕು. ಬೇರೆ ಯಾರು ಹೇಳಿದ್ರೂ ಅಕ್ಕ ಹಿಂದೆ ಸರಿದಳು ಅಂದ್ಕೋತಾನೆ."

ಹೇಳಿಕೆಗೆ ಸಹಿ ಹಾಕಿ ಆಕೆ ಕಣ್ಣೊರೆಸಿಕೊಂಡಳು. ಇನ್ಸ್‌ಪೆಕ್ಟರಮ್ಮ ಎದ್ದಾಗ ಕೇಳಿದಳು: "ಅದನ್ನ ಬರೆದವರು ಯಾರು ಮೇಡಂ? ಅಲ್ಲಿ ಕೆಲಸ ಮಾಡೋರಾ?"

"ಹೌದು."

"ಹಾಗಾದ್ರೆ ಹೆಸರು ಹಾಕೋಕೇನಾಗಿತ್ತು? ಹೆಸರಿದ್ದಿದ್ರೆ ನಂಬ್ತಿದ್ದೆ."

ಆರೂಕಾಲಿಗೆ ಠಾಣೆಯಲ್ಲಿ ದಸ್ತಗಿರಿಯ ಕಾಗದಗಳು ಸಿದ್ಧವಾದವು. ಕಳವು, ಸಾಕ್ಷ್ಯನಾಶ. ಮೇಷ್ಟ್ರು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಇನ್ಸ್‌ಪೆಕ್ಟರಮ್ಮ ಎದುರು ಕುರ್ಚಿ ಹಾಕಿಕೊಂಡು, ಏಳನೇ ಟೋಕನ್ ಸಿಕ್ಕಿದ್ದನ್ನೂ, ಕಾಗದ ಒಲೆ ಸೇರಿದ್ದನ್ನೂ, ಆಕೆ ಕೊನೆಗೆ ಕೇಳಿದ ಮಾತನ್ನೂ ಒಂದೂ ಬಿಡದೆ ಹೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಮಡಚಿಟ್ಟರು.

"ಪ್ರತಿ ಕಾಗದದ ಕೊನೇಲೂ ಪೆನ್ನು ಇಟ್ಟಿದ್ದೆ ಮೇಡಂ," ಎಂದರು ಆಮೇಲೆ. "ಬರೆಯೋಕೆ ಕೈ ಬರಲಿಲ್ಲ. ಹತ್ತು ಊರಿನ ಡಾಕ್ಟರು ಚಿತ್ರ ಹಿಡ್ಕೊಂಡು ನನ್ನ ಹತ್ರ ಬರೋರು. ಮೇಷ್ಟ್ರೇ, ಇದೇನು ಅಂತ ಒಂಚೂರು ನೋಡಿ ಅನ್ನೋರು. ಅಂಥವನಿಗೆ ಕಾಣಿಸಲ್ಲ ಅಂತ ಹೇಗೆ ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಎರಡು ವರ್ಷ ಹೋಯ್ತು."

ಇನ್ಸ್‌ಪೆಕ್ಟರಮ್ಮ ಕೇಸ್ ಡೈರಿಯಲ್ಲಿ ಬರೆದದ್ದು ಎರಡೇ ಸಾಲು: ಆರೋಪಿಗೆ ಯಾವ ಲಾಭವೂ ಇರಲಿಲ್ಲ. ತನ್ನ ಕಣ್ಣು ಹೋದದ್ದು ಯಾರಿಗೂ ಗೊತ್ತಾಗಬಾರದೆಂಬ ಒಂದೇ ಕಾರಣಕ್ಕೆ ಕೃತ್ಯ ಎಸಗಿರುತ್ತಾರೆ. ಬರೆದು ಮುಚ್ಚಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಬ್ಬ ಆರೋಪಿಯ ಮೇಲೆ ಇಷ್ಟು ಸಿಟ್ಟೂ ಇಷ್ಟು ಮರುಕವೂ ಒಟ್ಟಿಗೆ ಬಂದದ್ದು ಅವರಿಗೆ ಇದೇ ಮೊದಲು.

ಹೆಡ್ ಕಾನ್‌ಸ್ಟೇಬಲ್ ಫಾರಂ ಮುಂದಿಟ್ಟುಕೊಂಡು ಪೆನ್ನು ಕೊಡವಿದ. ಮೇಷ್ಟ್ರು ಯಾರೆಂದು ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ನಿಯಮದ ಪ್ರಕಾರ ಕೇಳಲೇಬೇಕು.

"ಹೆಸರು?"

ಮೇಷ್ಟ್ರು ಎದ್ದು ನಿಂತರು. ತಮ್ಮ ಹೆಸರನ್ನು, ತಂದೆಯ ಹೆಸರನ್ನೂ ಸೇರಿಸಿ, ಹೊರಗಿನ ಮೆಟ್ಟಿಲ ಮೇಲೆ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.